ನಾಲ್ಕನೇ ಜ್ವರ

ಜಂಗಮಕೋಟೆಯಲ್ಲಿ ಶನಿವಾರ ಸಂಜೆ
ನಾವು ಏಳು ಜನ, ಒಮ್ಮೊಮ್ಮೆ ಐದು,
ನೆಹೆಮ್ಯಪ್ಪನವರ ಹಜಾರದಲ್ಲಿ ಚಾಪೆ ಹಾಸಿ
ಮೋಶೆಯ ತೋರಾ ತೆರೆಯುತ್ತೇವೆ, ವಾರಕ್ಕೊಂದು ಪಾಲು.
ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಸೀಲು ಹೊಡೆದವರು ಅವರು,
ಈಗಲೂ ಒಂದೊಂದು ವಚನ ಮುಗಿದಾಗ
ಬೆರಳಿನಿಂದ ಪುಟಕ್ಕೆ ಠಪ್ಪೆಂದು ಒತ್ತುತ್ತಾರೆ,
ವಿಳಾಸ ಸರಿಯಿದೆ, ಮುಂದಕ್ಕೆ ಹೋಗಲಿ ಎಂಬಂತೆ.

ಭಾನುವಾರದ ಚರ್ಚಿನವರಿಗೆ ನಗು.
"ಕೃಪೆ ಬಂದ ಮೇಲೆ ಕಟ್ಟಳೆ ಯಾಕಮ್ಮ ಸಲೋಮಿ?
ಮದುವೆ ಆದ್ಮೇಲೂ ಲಗ್ನಪತ್ರಿಕೆ ಓದ್ತಾರಾ?"
ಓದುತ್ತೇನೆ. ನನ್ನದು ಇನ್ನೂ ಟ್ರಂಕಿನಲ್ಲಿದೆ.
ಅದರಲ್ಲಿ ಅಪ್ಪನ ಹೆಸರಿದೆ.

ಮೊದಮೊದಲು ಸಬ್ಬತ್ತೆಂದರೆ ಸಂಕಟ.
ಆರು ದಿನ ದುಡಿದು ಏಳನೆಯ ದಿನ ನಿಲ್ಲಬೇಕು,
ನಾನು, ನನ್ನ ಮಗಳು, ಕೂಲಿಯವಳು, ಕೊಟ್ಟಿಗೆಯ ಎತ್ತು.
ಎಲ್ಲ ಸರಿ.
ಆದರೆ ತಟ್ಟೆಯಲ್ಲಿರುವುದು ನೂರೈವತ್ತು ಮೊಟ್ಟೆಯ ಹುಳು!
ಅದಕ್ಕೆ ಯಾವ ವಾರ, ಯಾವ ನೇಮ?
ಬೆಳಗಿನ ಐದಕ್ಕೆ ಸೊಪ್ಪು, ಹನ್ನೊಂದಕ್ಕೆ ಸೊಪ್ಪು,
ತಡವಾದರೆ ತಲೆಯೆತ್ತಿ ನೋಡುತ್ತದೆ
ಸಾಲ ಕೊಟ್ಟು ಬಾಯಿ ಬಿಡದವನ ಹಾಗೆ.

ಕೇಳಿದೆ ಒಮ್ಮೆ: "ಎತ್ತು ಅಂದ್ರೆ ಹುಳಾನೂ ಸೇರುತ್ತಾ?"
ಎಲ್ಲರೂ ನಕ್ಕರು. ನೆಹೆಮ್ಯಪ್ಪ ನಗಲಿಲ್ಲ.
ಕನ್ನಡಕ ಒರೆಸಿ, ಮತ್ತೆ ಒರೆಸಿ,
"ಗೊತ್ತಿಲ್ಲ ಕಣಮ್ಮ. ಬರೋ ವಾರ ನೋಡೋಣ" ಎಂದರು.
ಆ "ಗೊತ್ತಿಲ್ಲ"ಕ್ಕಾಗಿಯೇ ನಾನು ಮತ್ತೆ ಹೋದೆ.

ಬರುವ ವಾರ ಮನ್ನಾದ ಪಾಠ. ಆರನೆಯ ದಿನ ಎರಡು ಪಾಲು.
ಶುಕ್ರವಾರ ಎರಡು ಹೊರೆ ಸೊಪ್ಪು ಕೊಯ್ದು
ಒದ್ದೆ ಗೋಣಿ ಹೊದಿಸಿಟ್ಟೆ.
ಅಲ್ಲಿ ಎತ್ತಿಟ್ಟದ್ದಕ್ಕೆ ಆ ಒಂದು ರಾತ್ರಿ ಹುಳು ಬೀಳಲಿಲ್ಲವಂತೆ;
ಇಲ್ಲಿ ಎತ್ತಿಟ್ಟದ್ದೇ ಹುಳುವಿಗೆ.
ಬೇಲಿಯಾಚೆಯಿಂದ ಮುನಿಲಕ್ಷ್ಮಮ್ಮ,
"ಏನಮ್ಮಾ, ನಾಳೆ ತೋಟ ಎದ್ದು ಓಡೋಗ್ತದಾ?"

ಶನಿವಾರ ಕುಡುಗೋಲು ಗೋಡೆಯ ಮೊಳೆಯಲ್ಲೇ ಇತ್ತು.
ಸೊಪ್ಪು ಹಾಕುವುದನ್ನು ಮಾತ್ರ ಬಿಡಲಿಲ್ಲ.
ಗುಂಡಿಗೆ ಬಿದ್ದ ಕುರಿಯನ್ನು ಆ ದಿನವೂ ಎತ್ತಬಹುದೆಂದ ಯೆಶುವಾ
ಹಸಿದ ಹುಳುವಿಗೆ ಬೇರೆ ನ್ಯಾಯ ಹೇಳನು.
ಕಟ್ಟಳೆಯನ್ನು ಆತ ಅಳಿಸಲಿಲ್ಲ,
ಕೈ ಹಿಡಿದು ಗುಂಡಿಯ ತನಕ ನಡೆಸಿಕೊಂಡು ಹೋದ.

ಆ ಬೆಳೆಯಲ್ಲಿ ನಾಲ್ಕನೇ ಜ್ವರ ಬಂದದ್ದು
ಶುಕ್ರವಾರ ದೀಪ ಹಚ್ಚುವ ಹೊತ್ತಿಗೇ.
ಜ್ವರವೆಂದರೆ ಕಾಯಿಲೆಯಲ್ಲ ನಮ್ಮಲ್ಲಿ;
ಹುಳು ಹಳೆಯ ಚರ್ಮ ಬಿಡುವ ಮುಂಚಿನ ನಿದ್ದೆ.
ತರಗೆಲೆಯ ಮೇಲೆ ಯಾರೋ ನಡೆಯುವಂಥ ಆ ಸದ್ದು
ನಿಂತೇ ಹೋಯಿತು.
ಸುಣ್ಣದ ಪುಡಿ ಉದುರಿಸಿ ಬಾಗಿಲಲ್ಲಿ ಕೂತೆ.
ಸಾವಿರಾರು ಪುಟ್ಟ ತಲೆ, ಮೇಲಕ್ಕೆತ್ತಿ,
ಉಣ್ಣದೆ, ಅಲುಗದೆ.
ಯಾರು ಓದಿ ಹೇಳಿದರು ಇವಕ್ಕೆ?
ನಿಲ್ಲುವುದನ್ನು ಕಲಿಯಲು ನನಗೆ ನಲವತ್ತೆಂಟು ವರ್ಷ ಬೇಕಾಯಿತು.
ಇವಕ್ಕೆ ಹದಿನೆಂಟು ದಿನ.

ಕಳೆದ ಶನಿವಾರ ಗುಡಾರದ ಪಾಠ,
ನೀಲಿ ನೂಲು, ಊದಾ ನೂಲು, ಕಿರಮಂಜಿ.
"ಆ ಕೆಂಪು ಹುಳುವಿನಿಂದ ಬಂದದ್ದು," ಎಂದರು ನೆಹೆಮ್ಯಪ್ಪ,
"ಇಬ್ರಿಯರ ಮಾತಲ್ಲಿ ಹುಳುವಿಗೂ ಆ ಬಣ್ಣಕ್ಕೂ ಒಂದೇ ಹೆಸರು.
ಹಾಡಿನಲ್ಲಿ ತನ್ನನ್ನೇ ಹುಳುವೆಂದು ಕರೆದುಕೊಂಡು
ನರಳಿದವನು ಯಾರು, ಯೋಚಿಸಿ."
ಅವರ ಬೆರಳು ಪುಟದ ಮೇಲೆ ಇಳಿಯಲಿಲ್ಲ.

ನನಗೆ ಶಿಡ್ಲಘಟ್ಟದ ಹಸೀನಾಳ ಬಾಣಲೆ ನೆನಪಾಯಿತು.
ಕುದಿಯುವ ನೀರು,
ಒಳಗೆ ಮಲಗಿದವನನ್ನು ಅಲ್ಲೇ ಬಿಟ್ಟು
ಎಳೆ ಮಾತ್ರ ಮೇಲೆ ಬರುವುದು, ಎಲ್ಲೂ ತುಂಡಾಗದೆ.
ಇದನ್ನು ಪಾಠ ಎನ್ನಲು ನನಗೆ ಬಾಯಿ ಬರಲಿಲ್ಲ.
ಗೂಡು ಮಾರಿದ ದುಡ್ಡಿನಲ್ಲೇ ನನ್ನ ಮನೆಯ ಅಕ್ಕಿ.

ಲೆಕ್ಕ ಹಾಕಿದರೆ ಈಗಿನ ಬೆಳೆ ಹಣ್ಣಾಗುವುದು ಶನಿವಾರವೇ.
ಹಣ್ಣಾದ ಹುಳು ಕಾಯುವುದಿಲ್ಲ,
ಹೊತ್ತು ಮುಳುಗುವುದರೊಳಗೆ ಚಂದ್ರಿಕೆಗೆ ಹಾಕಬೇಕು.
ಆ ಕುರಿಯ ಮಾತನ್ನು ಇನ್ನೂ ಎಷ್ಟು ಉದ್ದ ಎಳೆಯಬಹುದು?
ಕೇಳಬೇಕು.
ಗೊತ್ತಿಲ್ಲ ಎಂದರೂ ಸರಿ, ಚಾಪೆಯ ತುದಿಯಲ್ಲಿ ಕೂತಿರುತ್ತೇನೆ,
ಬೆರಳಿನಲ್ಲಿ ಸೊಪ್ಪಿನ ಹಸಿರು ಕಲೆ
ತೊಳೆದರೂ ಹೋಗದೆ.